ಸಂಗೀತದ ಹುಚ್ಚಿಗೂ ಗ್ರಂಥಾಲಯದ ನೌಕರಿಗೂ ತಾಳೆಯಾಗುತ್ತದೆಯೇ?

ಏಕತಾಲ

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯವನು, ವಯಸ್ಸು 23. ಬಿ.ಎ.ಯಲ್ಲಿ ಹಿಂದೂಸ್ತಾನಿ ಸಂಗೀತ ಒಂದು ವಿಷಯವಾಗಿತ್ತು. ತಬಲಾ ನುಡಿಸುತ್ತೇನೆ. ಊರಿನ ಭಜನಾ ಮಂಡಳಿಗೆ ನನ್ನ ಕೈ ಸಾಕು. ದೊಡ್ಡ ಬೈಠಕ್ಕಿನಲ್ಲಿ (ಕಛೇರಿಯಲ್ಲಿ) ಹಾಡುವವರಿಗೆ ಸಾಥ್ ಕೊಡುವ ಕೈ ಅದಲ್ಲ ಎಂಬುದು ನನಗೇ ಗೊತ್ತಾಗಿದೆ. ಇದನ್ನು ಬೇಸರದಿಂದ ಹೇಳುತ್ತಿಲ್ಲ. ನುಡಿಸುವುದಕ್ಕಿಂತ ಕೇಳುವುದು, ಯಾರು ಯಾವಾಗ ಯಾರೊಂದಿಗೆ ನುಡಿಸಿದರು ಎಂದು ಹುಡುಕುವುದು ನನಗೆ ಹೆಚ್ಚು ಹಿಡಿಸುತ್ತದೆ.

ಅಪ್ಪ ಬಿ.ಎಡ್. ಮಾಡು ಎನ್ನುತ್ತಾರೆ. ಸೋದರಮಾವ ಬೆಂಗಳೂರಿಗೆ ಬಂದುಬಿಡು, ಗೋದಾಮಿನಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುತ್ತಾರೆ. ಈ ನಡುವೆ ಗೆಳೆಯನೊಬ್ಬ ಬಿ.ಲಿಬ್. (ಗ್ರಂಥಾಲಯ ವಿಜ್ಞಾನದ ಪದವಿ) ಅರ್ಜಿಯನ್ನು ತಂದು ಮುಂದಿಟ್ಟಿದ್ದಾನೆ. ನನಗೆ ಅದು ಯಾಕೆ ತಲೆಗೆ ಹತ್ತಿತು ಎಂದು ಹೇಳಿದರೆ ನಗುತ್ತೀರಿ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ತಬಲಾ ಬೋಲುಗಳ ಪುಸ್ತಕ ಕಬಡ್ಡಿ ನಿಯಮಗಳ ಪಕ್ಕದಲ್ಲಿ ಇತ್ತು. ಮೂರು ವರ್ಷವೂ ಅಲ್ಲಿಯೇ ಇತ್ತು. ಕೊನೆಯ ಪರೀಕ್ಷೆ ಮುಗಿದ ದಿನ ನಾನೇ ಅದನ್ನು ತೆಗೆದು ಸಂಗೀತದ ಸಾಲಿನಲ್ಲಿಟ್ಟು ಬಂದೆ. ಆ ದಿನ ಪರೀಕ್ಷೆ ಬರೆದದ್ದಕ್ಕಿಂತ ಇದೇ ದೊಡ್ಡ ಕೆಲಸ ಅನ್ನಿಸಿತು.

ಹಾಡು, ವಾದ್ಯ ಎಂದು ಓಡಾಡಿಕೊಂಡಿದ್ದು ಕೊನೆಗೆ ಗ್ರಂಥಾಲಯಕ್ಕೆ ಬಂದವರು ಇಲ್ಲಿ ಯಾರಾದರೂ ಇದ್ದೀರಾ? ಅಲ್ಲಿ ಸಂಗೀತಕ್ಕೆ ಜಾಗ ಇದೆಯೇ, ಅಥವಾ ಗೈಡು, ಪ್ರಶ್ನೆಪತ್ರಿಕೆ ಜೋಡಿಸುತ್ತಲೇ ಹುಚ್ಚು ಇಳಿದುಹೋಗುತ್ತದೆಯೇ?

ಧೂಳು ಒರೆಸುವವ

ಇಳಿದುಹೋಗುತ್ತದೆ. ಬೇರೆಯವರು ಸಿಹಿಯಾಗಿ ಹೇಳುವ ಮೊದಲು ನಾನು ಹೇಳಿಬಿಡುತ್ತೇನೆ.

ಹಳ್ಳಿಯ ಗ್ರಂಥಾಲಯದಲ್ಲಿ 14 ವರ್ಷದಿಂದ ಇದ್ದೇನೆ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. ಬೆಳಿಗ್ಗೆ ಬೀಗ ತೆಗೆಯುವವನೂ ನಾನೇ, ಕಸ ಗುಡಿಸುವವನೂ ನಾನೇ, ಪತ್ರಿಕೆಯ ಚಿತ್ರಪುಟವನ್ನು ಯಾರು ಹರಿದುಕೊಂಡು ಹೋದರು ಎಂದು ಪಂಚಾಯಿತಿಗೆ ಉತ್ತರ ಹೇಳುವವನೂ ನಾನೇ. ಬರುವ ಹುಡುಗರು ಕೇಳುವುದು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಯ ಪುಸ್ತಕ. ಅದು ತಪ್ಪೆಂದು ನಾನು ಹೇಳುವುದಿಲ್ಲ, ಅವರ ಹೊಟ್ಟೆಪಾಡು. ಆದರೆ ಸಂಗೀತದ ಆಸೆಯಿಂದ ಇಲ್ಲಿಗೆ ಬಂದರೆ ಗೋಡೆಯ ಮೇಲಿನ ಫಲಕವೇ ನಿನ್ನನ್ನು ಎದುರುಗೊಳ್ಳುತ್ತದೆ: ನಿಶ್ಯಬ್ದವಾಗಿರಿ.

ನಾನೂ ಹಾರ್ಮೋನಿಯಂ ಕಲಿತವನು. ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಇಲಿ ತಿದಿಯನ್ನು ಕಡಿದಿದೆ.

ಶಾಲ್ಮಲಾ ದಂಡೆ

ಧೂಳು ಒರೆಸುವವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೂ ತಮ್ಮಾ, ನಾನು ಬಂದ ದಾರಿಯನ್ನು ಹೇಳುತ್ತೇನೆ. ಉದ್ದವಾಗುತ್ತದೆ, ಚಹಾ ಇಟ್ಟುಕೊಂಡು ಓದು.

ನಾನು ಧಾರವಾಡದವಳು, ಮಾಳಮಡ್ಡಿಯವಳು. ನಿವೃತ್ತಿಗೆ ಇನ್ನು 14 ತಿಂಗಳು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೋ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು; ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮ ಊರಿನವರಿಗೆ ಅದು ಮನೆಯ ಗಡಿಯಾರದಂತೆ ಆಗಿತ್ತು. ಮನ್ಸೂರರು, ರಾಜಗುರುಗಳು, ಗಂಗೂಬಾಯಿಯವರು ಎಲ್ಲರೂ ಸುತ್ತಮುತ್ತಲಿನವರೇ. ಅವರ ಹಾಡು ಬಂದಾಗ ಅವ್ವ ಒಲೆ ಸಣ್ಣದು ಮಾಡುತ್ತಿದ್ದಳು. ನನಗೆ ಒಂದೇ ಸಂಕಟ: ಬಂದ ಹಾಡು ಹೋಗಿಬಿಡುತ್ತದೆ. ಮತ್ತೆ ಕೇಳಬೇಕೆಂದರೆ ಯಾರನ್ನು ಕೇಳುವುದು? ಟೇಪ್ ರೆಕಾರ್ಡರ್ ಕೊಳ್ಳುವ ಸ್ಥಿತಿ ನಮ್ಮದಾಗಿರಲಿಲ್ಲ.

ಹಾಗಾಗಿ ಬರೆದಿಡಲು ಶುರುಮಾಡಿದೆ. ಕಾಕಾನ ಕಿರಾಣಿ ಅಂಗಡಿಯಲ್ಲಿ ಬಳಸದೆ ಉಳಿದಿದ್ದ ಕೆಂಪು ರಟ್ಟಿನ ಉದ್ರಿ ವಹಿ ಸಿಕ್ಕಿತು. ಅದರಲ್ಲಿ ಮೊದಲೇ ಗೆರೆ ಹಾಕಿತ್ತು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಕೇಳಿದ ರಾಗವನ್ನು ಜಮಾ ಕಡೆ ಬರೆದೆ: ತಾರೀಖು, ಹೊತ್ತು, ಹಾಡಿದವರು, ರಾಗ, ತಬಲಾ ಯಾರು, ಎಷ್ಟು ನಿಮಿಷ. ಕರೆಂಟು ಹೋಗಿಯೋ ಶಾಲೆಗೆ ಹೊತ್ತಾಗಿಯೋ ತಪ್ಪಿಹೋದದ್ದನ್ನು ಖರ್ಚಿನ ಕಡೆ ಬರೆದೆ. 1981ರ ಜೂನ್‌ನಿಂದ ಹನ್ನೊಂದು ವರ್ಷ ಬರೆದಿದ್ದೇನೆ. ಖರ್ಚೇ ಹೆಚ್ಚು.

ಆರು ವರ್ಷ ಹಾಡುಗಾರಿಕೆಯನ್ನೂ ಕಲಿತೆ. ಗುರುಗಳು ಬಹಳ ಸೌಮ್ಯ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಒಂದು ಸಲ, ನಾನು ಕಾಲೇಜಿನಲ್ಲಿದ್ದಾಗ, ಮಾತಿನ ನಡುವೆ ಕೇಳಿದರು: ಎರಡು ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಒಂದು ಗೌಡ ಮಲ್ಹಾರ ಬಂದಿತ್ತಲ್ಲ, ಅದು ಯಾರದು? ನಾನು ಮನೆಗೆ ಓಡಿ ವಹಿಯನ್ನು ತಂದೆ. ತಾರೀಖು ಗೊತ್ತಿಲ್ಲದ್ದರಿಂದ ಮೂರು ಶ್ರಾವಣಗಳನ್ನೂ ಪುಟ ಪುಟ ತಿರುವಬೇಕಾಯಿತು. ಅರ್ಧ ಗಂಟೆಯ ಮೇಲೆ ಸಿಕ್ಕಿತು. ಅವರು ವಹಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ನಿನ್ನ ತಾನಿಗಿಂತ ಇದು ಸ್ವಚ್ಛವಾಗಿದೆ ಎಂದರು. ಅದೊಂದೇ ಸಲ ನನ್ನನ್ನು ಹೊಗಳಿದ್ದು, ಅದೊಂದೇ ಸಲ ಬೈದದ್ದು ಕೂಡ.

ಬಿ.ಲಿಬ್. ಎಂಬ ಓದು ಇದೆ ಎಂದು ಗೊತ್ತಾದದ್ದು ಪತ್ರಿಕೆಯಲ್ಲಿ ಬಂದ ಪ್ರಕಟಣೆಯಿಂದ. ಸೇರಿದ ಎರಡನೇ ವಾರ ಮೇಷ್ಟ್ರು ಕ್ಯಾಟಲಾಗ್ ಕಾರ್ಡು ತೋರಿಸಿದರು. ಐದು ಅಂಗುಲ ಉದ್ದ, ಮೂರು ಅಂಗುಲ ಅಗಲ, ಕೆಳಗೆ ಕಡ್ಡಿ ತೂರಿಸಲು ಒಂದು ತೂತು. ಪುಸ್ತಕ ಬಂದ ಕ್ರಮದಲ್ಲಿ ಬರೆಯುವುದು ಅಕ್ಸೆಷನ್ ರಿಜಿಸ್ಟರು, ಅದು ನಮ್ಮ ಲೆಕ್ಕಕ್ಕೆ. ಬರೆದವರ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದಲ್ಲಿ ಒಂದು ಎಂದು ಕಾರ್ಡು ಮಾಡುವುದು ಓದುಗರಿಗೆ, ಅವರು ಯಾವ ಬಾಗಿಲಿನಿಂದ ಬಂದರೂ ಒಳಗೆ ಬರುವಂತೆ ಎಂದರು. ನನಗೆ ಕಿವಿ ಬಿಸಿಯಾಯಿತು. ನನ್ನ ವಹಿ ಬರೀ ಅಕ್ಸೆಷನ್ ರಿಜಿಸ್ಟರು! ಅದಕ್ಕೇ ಗೌಡ ಮಲ್ಹಾರ ಹುಡುಕಲು ಅರ್ಧ ಗಂಟೆ ಹಿಡಿದದ್ದು. ಆ ರಾತ್ರಿಯೇ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂದಿನ ಖಾಲಿ ಕಡೆಯಲ್ಲಿ ರಾಗದ ಹೆಸರಿನಲ್ಲಿ ಕಾರ್ಡು ಬರೆಯತೊಡಗಿದೆ. ಮೊದಲನೆಯದು ಅಡಾಣಾ. ಅದರ ಬೆನ್ನಿಗೆ ಯಾರದೋ ಮದುವೆಯ ಮುಹೂರ್ತ ಇನ್ನೂ ಇದೆ.

ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು ಕೇಳಿ ಭೀಮಸೇನ ಜೋಶಿಯವರು ಚಿಕ್ಕವರಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದರಂತೆ. ನಾನು ಲಗ್ನಪತ್ರಿಕೆ ಕತ್ತರಿಸುತ್ತ ಮನೆಯಲ್ಲೇ ಉಳಿದೆ.

ನೌಕರಿ ಸಿಕ್ಕಿದ್ದು ಒಂದು ಪದವಿ ಕಾಲೇಜಿನಲ್ಲಿ. ಹೆಸರು ಬೇಡ. ಮೊದಲ ಹದಿನೇಳು ವರ್ಷ ಗೈಡು, ಪ್ರಶ್ನೆಪತ್ರಿಕೆ, ದಂಡದ ರಸೀದಿ. ಅದರ ಬಗ್ಗೆ ಹೇಳುವುದೇನೂ ಇಲ್ಲ. ಒಮ್ಮೆ ದಾಸ್ತಾನು ತಪಾಸಣೆಯ ಹೊತ್ತಿನಲ್ಲಿ ಪೀಠೋಪಕರಣಗಳ ಪಟ್ಟಿಯಲ್ಲಿ ಕುರ್ಚಿ 40, ಬೆಂಚು 12 ಎಂಬುದರ ಕೆಳಗೆ ಒಂದು ಸಾಲು ಕಂಡಿತು: ಹಾಡಿನ ಪ್ಲೇಟು, 1 ಪೆಟ್ಟಿಗೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದಾರೆ. ಅದನ್ನು ಪಡೆದುಕೊಂಡವರು ಕುರ್ಚಿಯ ಲೆಕ್ಕಕ್ಕೆ ಸೇರಿಸಿದ್ದಾರೆ. ಪೆಟ್ಟಿಗೆ ಕ್ರೀಡಾ ವಿಭಾಗದ ಕೋಣೆಯಲ್ಲಿ ವಾಲಿಬಾಲ್ ಬಲೆಯ ಕೆಳಗೆ ಇತ್ತು. (ನಿನ್ನ ತಬಲಾ ಪುಸ್ತಕದ ಕಥೆಯನ್ನು ಓದಿ ನಾನು ನಕ್ಕದ್ದು ಇದಕ್ಕೇ.) ಒಟ್ಟು 112 ಪ್ಲೇಟು, ಒಂಬತ್ತು ಒಡೆದಿದ್ದವು. ಅರಗಿನಿಂದ ಮಾಡಿದವು ಅವು, ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಬಿರುಕು ಬಿಡುತ್ತವೆ. ಪುಸ್ತಕದ ಹಾಗೆ ನಿಲ್ಲಿಸಿಯೇ ಇಡಬೇಕು.

ಅದರಲ್ಲಿ ಒಂದರ ಲೇಬಲ್ಲಿನ ಮೇಲೆ ಹಾಡಿದವರ ಹೆಸರು ಗಾಂಧಾರಿ ಎಂದಿತ್ತು. ನಮ್ಮ ಸಂಗೀತದ ಅಧ್ಯಾಪಕರೊಬ್ಬರಿಗೆ ಕೇಳಿಸಿದೆ. ಯಾರೋ ಚಿಕ್ಕ ಹುಡುಗಿ, ತೆಳುವಾದ ಎತ್ತರದ ದನಿ, ಗುರುತು ಸಿಗುವುದಿಲ್ಲ ಎಂದರು. ನನಗೂ ಕಿವಿಯಿಂದ ಗುರುತು ಸಿಗಲಿಲ್ಲ. ಗುರುತು ಹಿಡಿದದ್ದು ಹೆಸರಿನಿಂದ: ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವು ಎಂದು ಎಲ್ಲೋ ಓದಿದ್ದು ನೆನಪಾಯಿತು. ನಾವೆಲ್ಲ ಬಲ್ಲ ಆ ಗಂಭೀರವಾದ, ಗಂಡು ದನಿಯಂಥ ಕಂಠ ಅವರಿಗೆ ಬಂದದ್ದು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ. ಅಂದರೆ ನೋಡು, ಹೆಸರೂ ಬೇರೆ, ದನಿಯೂ ಬೇರೆ. ಅವರನ್ನು ಸಾವಿರ ಸಲ ಕೇಳಿದ ಕಿವಿಯೂ ಅಲ್ಲಿ ಸೋಲುತ್ತದೆ. ಅವರಿಬ್ಬರೂ ಒಬ್ಬರೇ ಎಂದು ಹೇಳುವುದು ಒಂದು ಕಾರ್ಡು ಮಾತ್ರ: ಗಾಂಧಾರಿ, ನೋಡಿ ಗಂಗೂಬಾಯಿ ಹಾನಗಲ್. ನಮ್ಮ ಕಸುಬಿನಲ್ಲಿ ಇದಕ್ಕೆ ಅಥಾರಿಟಿ ಫೈಲ್ ಎನ್ನುತ್ತೇವೆ. ಸವಾಯಿ ಗಂಧರ್ವ ಎಂದು ಹುಡುಕಿದವರಿಗೂ ರಾಮಭಾವು ಕುಂದಗೋಳಕರ್ ಎಂದು ಹುಡುಕಿದವರಿಗೂ ಒಂದೇ ಪ್ಲೇಟು ಸಿಗಬೇಕು. ಆ ಕಾರ್ಡು ಬರೆದ ಸಂಜೆ ನಾನು ಮನೆಗೆ ನಡೆದುಕೊಂಡೇ ಹೋದೆ. ಬಸ್ಸು ಹತ್ತುವುದು ಮರೆತುಹೋಗಿತ್ತು.

ನಮ್ಮವರಿಗೆ ಇದು ಹೊಸದೇನೂ ಅಲ್ಲ. ಹಾಡಿನ ಕೊನೆಯಲ್ಲಿ ಪುರಂದರ ವಿಠಲ ಎಂದರೆ ಯಾರು, ವಿಜಯ ವಿಠಲ ಎಂದರೆ ಯಾರು, ಹಯವದನ ಎಂದರೆ ವಾದಿರಾಜರು ಎಂದು ನಮ್ಮ ಅಜ್ಜಿಗೆ ಗೊತ್ತಿತ್ತು. ಅಂಕಿತಗಳ ಅಥಾರಿಟಿ ಫೈಲ್ ಅವಳ ತಲೆಯಲ್ಲೇ ಇತ್ತು. ಅವಳು ಶಾಲೆಗೆ ಹೋದವಳಲ್ಲ.

ಲೇಬಲ್ಲನ್ನು ಬೆಳ್ಳಿಹುಳ ತಿಂದಿದ್ದರೆ? ಲೇಬಲ್ಲಿನ ಅಂಚಿಗೆ, ಗೆರೆ ಮುಗಿಯುವ ನುಣುಪು ಜಾಗದಲ್ಲಿ, ಅರಗಿನಲ್ಲೇ ಒತ್ತಿದ ಒಂದು ಸಂಖ್ಯೆ ಇರುತ್ತದೆ. ಅದು ಮ್ಯಾಟ್ರಿಕ್ಸ್ ನಂಬರ್. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಹಾಗೆ ನಾಲ್ಕು ಪ್ಲೇಟುಗಳನ್ನು ಗುರುತಿಸಿದೆವು.

ತಬಲಾ ಕಲಿತ ನಿನ್ನಂಥವನಿಗೆ ಇನ್ನೊಂದು ಕೆಲಸ ಇದೆ. 78 ಎಂದು ನಾವು ಕರೆದರೂ ಹಳೆಯ ಪ್ಲೇಟುಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾದವಲ್ಲ, ಅದರಲ್ಲೂ 1925ಕ್ಕಿಂತ ಹಿಂದಿನವು. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲೇರುತ್ತದೆ. ಹಾಡಿದವರು ಯಾವ ಶ್ರುತಿಯಲ್ಲಿ ಹಾಡಿರಬಹುದು, ಹಿಂದಿರುವ ಹಾರ್ಮೋನಿಯಂ ಯಾವ ಮನೆ ಒತ್ತುತ್ತಿದೆ, ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿರಬಹುದೇ ಎಂದು ಕಿವಿಯಿಂದಲೇ ತೂಗಿ ನೋಡಬೇಕು. ಸಾವಿರ ಪುಸ್ತಕ ಜೋಡಿಸಿದವರಿಗೆ ಇದು ಬರುವುದಿಲ್ಲ. ಮುಳ್ಳೂ ಬೇರೆ: ಎಲ್‌ಪಿಗೆ ಬಳಸುವ ಮುಳ್ಳು ಈ ಗೆರೆಗೆ ತೀರಾ ಸಣ್ಣದು, ತಳಕ್ಕೆ ಇಳಿದು ಕಸವನ್ನೇ ಹಾಡಿಸುತ್ತದೆ.

ಆ ಪೆಟ್ಟಿಗೆ ಸಿಕ್ಕ ಮೇಲಿನ ವರ್ಷಗಳು ನನಗೆ ಸಂಬಳ ಕೊಟ್ಟು ರೇಡಿಯೋ ಕೇಳಿಸಿದ ಹಾಗೆ ಕಳೆದವು. ಅದಕ್ಕಿಂತ ಮೊದಲಿನ ಹದಿನೇಳು ವರ್ಷವನ್ನು ಮಾತ್ರ ನಿನ್ನಿಂದ ಮುಚ್ಚಿಡುವುದಿಲ್ಲ.

ಚಲನಾಟ 36

ಶಾಲ್ಮಲಾ ಅವರೇ, ಲಗ್ನಪತ್ರಿಕೆಯ ಕಾರ್ಡುಗಳ ಒಂದು ಚಿತ್ರ ಹಾಕಿ, ದಯವಿಟ್ಟು.

ನಾನು ಮೈಸೂರಿನವನು, ಪಿಟೀಲು ಕಲಿತವನು, ಈಗ ಒಂದು ಸಂಶೋಧನಾ ಗ್ರಂಥಾಲಯದಲ್ಲಿ ವರ್ಗೀಕರಣ ಮಾಡುತ್ತೇನೆ. ನನ್ನ ವಾದ ಸ್ವಲ್ಪ ಬೇರೆ. ಸಂಗೀತದಿಂದ ಗ್ರಂಥಾಲಯಕ್ಕೆ ಬರುವುದು ಎಂದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದಂತೆ ಎಲ್ಲರೂ ಹೇಳುತ್ತಾರೆ. ಕರ್ನಾಟಕ ಸಂಗೀತ ಕಲಿತವರಿಗೆ ಅದು ಪಡಸಾಲೆಯಿಂದ ಅಡುಗೆಮನೆಗೆ ಬಂದಷ್ಟೇ ದೂರ.

72 ಮೇಳಕರ್ತಗಳನ್ನು, ಅಂದರೆ ಉಳಿದ ರಾಗಗಳಿಗೆ ಮೂಲವಾದ ರಾಗಗಳನ್ನು, ನೋಡಿ. ಮಧ್ಯಮ ಎರಡು ಬಗೆ, ರಿ-ಗ ಜೋಡಿ ಆರು ಬಗೆ, ದ-ನಿ ಜೋಡಿ ಆರು ಬಗೆ, ಗುಣಿಸಿದರೆ 72. 17ನೇ ಶತಮಾನದ ವೆಂಕಟಮಖಿ ಆಗ ಬಳಕೆಯಲ್ಲಿದ್ದ ರಾಗಗಳಿಗಷ್ಟೇ ಗೂಡು ಮಾಡಲಿಲ್ಲ, ಇನ್ನೂ ಹುಟ್ಟದ ರಾಗಗಳಿಗೂ ಖಾಲಿ ಗೂಡು ಬಿಟ್ಟರು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣದಲ್ಲಿ ಹಿಡಿದದ್ದೂ ಇದೇ ದಾರಿ: ಸಿದ್ಧ ವಿಷಯಗಳ ಪಟ್ಟಿ ಕೊಡುವ ಬದಲು ವಿಷಯವನ್ನು ಮುಖಗಳಾಗಿ ಬಿಡಿಸಿ, ಬೇಕಾದಾಗ ಜೋಡಿಸಿಕೊಳ್ಳಿ ಎನ್ನುವುದು. ಅವರಿಗೆ ಮೇಳಕರ್ತದಿಂದ ಹೊಳೆಯಿತು ಎಂದು ನಾನು ಹೇಳುತ್ತಿಲ್ಲ, ಬಿಡಿಭಾಗ ಜೋಡಿಸುವ ಮೆಕ್ಯಾನೋ ಆಟಿಕೆಯಿಂದ ಹೊಳೆಯಿತು ಎಂಬ ಕಥೆಯೇ ಪ್ರಸಿದ್ಧ. ಆದರೆ ಮೇಳಕರ್ತ ಕಲಿತವನಿಗೆ ಕೋಲನ್ ಪಾಠ ಹೊಸದೆನಿಸುವುದಿಲ್ಲ.

ಅಕ್ಷರಕ್ಕೊಂದು ಅಂಕೆ ಕೊಡುವ ಕಟಪಯಾದಿ ಪದ್ಧತಿಯಂತೂ ಅಪ್ಪಟ ಕಾಲ್ ನಂಬರ್, ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕೆಗಳನ್ನು ತಿರುಗಿಸಿದರೆ ಮೇಳದ ಸಂಖ್ಯೆ. ಶಂಕರಾಭರಣ ಎಂದಷ್ಟೇ ಎಣಿಸಿದರೆ 15 ಬರುತ್ತದೆ, ಅದು ಮಾಯಾಮಾಳವಗೌಳದ ಜಾಗ. ಹಾಗಾಗಿ ಮುಂದೆ ಧೀರ ಎಂಬ ಚೀಟಿ ಅಂಟಿಸಿದರು: ಧೀ 9, ರ 2, ತಿರುಗಿಸಿದರೆ 29. ತೋಡಿ ಎಂದಷ್ಟೇ ಎಣಿಸಿದರೆ 36 ಬಂದು ನನ್ನ ಗೂಡಿಗೇ (36ನೇ ಮೇಳ ಚಲನಾಟ) ನುಗ್ಗುತ್ತದೆ! ಹನುಮ ಎಂದು ಅಂಟಿಸಿ 8ಕ್ಕೆ ಕಳಿಸಿದರು. ಜನ ಕರೆಯುವ ಹೆಸರನ್ನು ಕೆಡಿಸದೆ ಬೆನ್ನಿಗೆ ಸಂಖ್ಯೆ ಅಂಟಿಸುವ ಈ ಜಾಣತನವನ್ನು ನಾನು ದಿನವೂ ಪುಸ್ತಕದ ಬೆನ್ನಿಗೆ ಮಾಡುತ್ತೇನೆ.

ಇನ್ನು ನಾವು ಬಹುಪಾಲು ಗ್ರಂಥಾಲಯಗಳಲ್ಲಿ ಬಳಸುವ, ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿ. ಏಕತಾಲ ಅವರ ತಬಲಾ ಪುಸ್ತಕ ಕಬಡ್ಡಿಯ ಪಕ್ಕಕ್ಕೆ ಹೋದದ್ದು ಸುಮ್ಮನೆ ಅಲ್ಲ, ಸಂಗೀತ 780, ಕ್ರೀಡೆ ಮನರಂಜನೆ 790; ಒಂದು ಅಂಕೆ ತಪ್ಪಿದರೆ ಸಾಕು. ನನ್ನ ನಿತ್ಯದ ಜಗಳ ದಾಸರ ಪದಗಳದ್ದು. ಸಾಹಿತ್ಯ ಎಂದರೆ 894.814, ಸ್ವರಪ್ರಸ್ತಾರ ಇದ್ದರೆ ಗಾಯನ ಎಂದು 782, ಭಕ್ತಿ ಎಂದರೆ 294.5. ಒಬ್ಬ ಪುರಂದರದಾಸರು ಮೂರು ಕಪಾಟುಗಳಲ್ಲಿ! ಓದಲು ಬಂದವರು ಒಂದೇ ಕಪಾಟು ನೋಡಿ ಇಲ್ಲ ಎಂದು ಹೋಗುತ್ತಾರೆ. ಹಾಡುವವರಿಗೆ ಯಾವುದು ಬೇಕು, ಪ್ರಬಂಧ ಬರೆಯುವವರಿಗೆ ಯಾವುದು ಬೇಕು ಎಂದು ತಿಳಿದವರು ಮೇಜಿನ ಹಿಂದೆ ಕೂತಿರಬೇಕು. ಕೂತಿರುವುದು ಅಪರೂಪ.

ಕೊನೆಯದು, ಧೂಳು ಒರೆಸುವವರಿಗೆ. ರಂಗನಾಥನ್ ಅವರೂ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದು ಕೆಲವೇ ದಿನಗಳಲ್ಲಿ ಬೇಸತ್ತು ಪಾಠಕ್ಕೆ ಮರಳಲು ಹವಣಿಸಿದವರು. ಲಂಡನ್ನಿಗೆ ಕಳಿಸಿ, ನೋಡಿ ಬಂದ ಮೇಲೆ ಬೇಡವಾದರೆ ಮರಳಬಹುದು ಎಂದು ಒಪ್ಪಿಸಬೇಕಾಯಿತು.

ಧೂಳು ಒರೆಸುವವ

ನಮ್ಮನ್ನು ಲಂಡನ್ನಿಗೆ ಕಳಿಸುವವರು ಯಾರು ಸ್ವಾಮಿ?

ಮೂರನೇ ಕಪಾಟು

ಎಲ್ಲರೂ ಕಥೆ ಹೇಳಿದಿರಿ, ಹುಡುಗನಿಗೆ ಬೇಕಾದ ಲೆಕ್ಕ ಯಾರೂ ಹೇಳಲಿಲ್ಲ.

ಬಿ.ಲಿಬ್. ಒಂದು ವರ್ಷ. ಯಾವ ಪದವಿ ಇದ್ದರೂ ಸೇರಬಹುದು, ಸಂಗೀತವೂ ನಡೆಯುತ್ತದೆ. ಆದರೆ ಪದವಿ ಕಾಲೇಜಿನ ಗ್ರಂಥಪಾಲಕ, ವಿಶ್ವವಿದ್ಯಾಲಯದ ಸಹಾಯಕ ಗ್ರಂಥಪಾಲಕ ಹುದ್ದೆಗೆ ಅದು ಸಾಲದು. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ 55 ಶೇಕಡಾ ಅಂಕ ಮತ್ತು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬೇಕು. ಆದ್ದರಿಂದ ಒಂದೇ ವರ್ಷದಲ್ಲಿ ನೌಕರಿ ಎಂದು ಅಪ್ಪನಿಗೆ ಹೇಳಬೇಡಿ. ಹುದ್ದೆಗಳ ಅಧಿಸೂಚನೆ ಯಾವಾಗ ಬರುತ್ತದೆ ಎಂದು ಕಾದು ಕೂತವರು ನನ್ನ ತರಗತಿಯಲ್ಲೇ ಹನ್ನೆರಡು ಜನ ಇದ್ದರು.

ಓದುವಾಗಲೇ ಕೋಹಾ ಕಲಿಯಿರಿ. ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ 2000ದಲ್ಲಿ ಬಳಕೆಗೆ ತಂದ, ಗ್ರಂಥಾಲಯ ನಿರ್ವಹಣೆಯ ಉಚಿತ ತಂತ್ರಾಂಶ ಅದು. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆ ಎಂದರ್ಥ. ಮನೆಯ ಕಂಪ್ಯೂಟರಿನಲ್ಲೇ ಹಾಕಿಕೊಂಡು ನಿಮ್ಮ ಬಳಿ ಇರುವ ಕ್ಯಾಸೆಟ್ಟುಗಳನ್ನು ನಮೂದಿಸಿ ನೋಡಿ. ಕಂಪ್ಯೂಟರ್ ಕ್ಯಾಟಲಾಗಿನ ಮಾರ್ಕ್ ನಮೂನೆಯಲ್ಲಿ 028 ಎಂಬ ಜಾಗ ಇರುವುದೇ ಪ್ಲೇಟಿನ ಸಂಖ್ಯೆ, ಮ್ಯಾಟ್ರಿಕ್ಸ್ ನಂಬರುಗಳಿಗೆ. 511 ಹಾಡಿದವರು ನುಡಿಸಿದವರಿಗೆ. 518 ಎಲ್ಲಿ ಯಾವಾಗ ಧ್ವನಿಮುದ್ರಣವಾಯಿತು ಎಂಬುದಕ್ಕೆ. ತಬಲಾದವರ ಹೆಸರನ್ನು 511ರಲ್ಲಿ ಹಾಕುವವರು ನೂರಕ್ಕೆ ಇಬ್ಬರೂ ಇಲ್ಲ ಎಂದು ನನ್ನ ಗುಮಾನಿ.

ಹಳೆಯ ಪ್ಲೇಟುಗಳನ್ನು ಡಿಜಿಟಲ್ ಮಾಡುವಾಗ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಡಿನ ಸಾಹಿತ್ಯಕ್ಕೆ, ರಾಗಸಂಯೋಜನೆಗೆ ಲೆಕ್ಕ ಬೇರೆ. ಬರೀ ಪುಸ್ತಕ ಬೇಡ, ಧ್ವನಿಯ ಜೊತೆಗೇ ಕೆಲಸ ಬೇಕು ಎಂದರೆ 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹಾಲಯದಂಥ ಕಡೆ ವಿಚಾರಿಸಿ. ಅಂಥ ಜಾಗಗಳು ಬೆರಳೆಣಿಕೆಯಷ್ಟು.

ಏಕತಾಲ

ಇಷ್ಟೊಂದು ಜನ ಉತ್ತರಿಸುತ್ತೀರಿ ಎಂದುಕೊಂಡಿರಲಿಲ್ಲ. ಧೂಳು ಒರೆಸುವ ಅಣ್ಣನವರೇ, ನಿಮ್ಮ ಮಾತನ್ನೇ ಮೊದಲು ಅಪ್ಪನಿಗೆ ಓದಿ ಹೇಳಿದೆ. ಅವರು, ಈ ಮನುಷ್ಯ ನಿಜ ಹೇಳುತ್ತಿದ್ದಾನೆ ಎಂದರು. ಆಮೇಲೆ ಶಾಲ್ಮಲಾ ಅಕ್ಕನವರದ್ದನ್ನು ಓದಿದೆ. ಅಪ್ಪ ಏನೂ ಹೇಳಲಿಲ್ಲ, ಎದ್ದು ಹೋಗಿ ದನಕ್ಕೆ ಮೇವು ಹಾಕಿ ಬಂದು ಅಜ್ಜನ ಮಾತು ತೆಗೆದರು.

ನನ್ನ ಅಜ್ಜ ತಬಲಾ ನುಡಿಸುತ್ತಿದ್ದರು, ಅದು ನನಗೆ ಗೊತ್ತು. ಅವರು ಧಾರವಾಡ ಆಕಾಶವಾಣಿಯಲ್ಲಿ ಒಂದೇ ಒಂದು ಸಲ ಸಾಥ್ ಕೊಟ್ಟಿದ್ದರು ಎಂಬುದು ನಿನ್ನೆ ಗೊತ್ತಾಯಿತು. ಖಾಯಂ ಕಲಾವಿದರಿಗೆ ಜ್ವರ ಬಂದು ಕೊನೆಯ ಗಳಿಗೆಯಲ್ಲಿ ಅಜ್ಜನನ್ನು ಕೂರಿಸಿದ್ದಂತೆ. ಅಪ್ಪನಿಗೆ ಆಗ ಒಂಬತ್ತೋ ಹತ್ತೋ ವಯಸ್ಸು, ಹೊರಗೆ ಜೋರು ಮಳೆ, ಊರಿನವರೆಲ್ಲ ಗೌಡರ ಮನೆಯ ರೇಡಿಯೋ ಮುಂದೆ ಕೂತಿದ್ದರು. ಲೆಕ್ಕ ಹಾಕಿದರೆ 1983 ಅಥವಾ 84. ರಾಗ ಗೊತ್ತಿಲ್ಲ. ಯಾರ ಹಾಡು ಎಂಬುದೂ ಅಪ್ಪನಿಗೆ ನೆನಪಿಲ್ಲ, ಅಜ್ಜ ಹೋಗಿ ಹದಿನೈದು ವರ್ಷವಾಯಿತು.

ಅಕ್ಕಾ, ಆ ವಹಿ ಈಗಲೂ ಇದೆಯೇ?

ಶಾಲ್ಮಲಾ ದಂಡೆ

ಅಕ್ಕ ಎಂದದ್ದಕ್ಕೆ ಸಂತೋಷ. ನಿನ್ನ ಅಪ್ಪನಿಗಿಂತ ನಾನು ಐದಾರು ವರ್ಷಕ್ಕೆ ದೊಡ್ಡವಳಿರಬೇಕು, ಇರಲಿ.

ವಹಿ ಇದೆ. ನಿನ್ನೆ ರಾತ್ರಿ ತೆಗೆದೆ. ರಾಗದ ಕಾರ್ಡು ಇದೆ, ಹಾಡಿದವರ ಕಾರ್ಡು ಇದೆ. ತಬಲಾದವರ ಹೆಸರಿನಲ್ಲಿ ನಾನು ಕಾರ್ಡು ಮಾಡಿಯೇ ಇಲ್ಲ! ಮೂರನೇ ಕಪಾಟಿನವರು ನೂರಕ್ಕೆ ಇಬ್ಬರೂ ಇಲ್ಲ ಎಂದದ್ದು ನನಗೇ ತಾಗಿತು. ಹಾಗಾಗಿ ಮತ್ತೆ ಪುಟ ಪುಟ ತಿರುವುವುದೇ ಆಯಿತು, 1983 ಮತ್ತು 84ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ತಬಲಾದ ಜಾಗದಲ್ಲಿ ನನಗೆ ಪರಿಚಿತವಲ್ಲದ ಹೆಸರು ಬಂದದ್ದು ಮೂರು ಸಲ. ಒಂದು ಪೂರ್ತಿ ಇದೆ, ಅದು ನಿಮ್ಮ ಕಡೆಯ ಹೆಸರಲ್ಲ, ಬೆಳಗಾವಿಯವರದ್ದು. ಎರಡನೆಯದು 1984ರ ಜುಲೈ, ರಾತ್ರಿಯ ಕಾರ್ಯಕ್ರಮ, ಮಿಯಾ ಮಲ್ಹಾರ, ಹೆಣ್ಣುಮಕ್ಕಳ ಹಾಡುಗಾರಿಕೆ. ತಬಲಾ ಎಂಬಲ್ಲಿ ಮೊದಲ ಎರಡು ಅಕ್ಷರ ಬರೆದು ಮುಂದೆ ಗೆರೆ ಎಳೆದಿದ್ದೇನೆ. ನಿರೂಪಕರು ಹೆಸರು ಹೇಳುವಾಗ ಮಾಳಮಡ್ಡಿಯಲ್ಲಿ ರೈಲು ಹಾಯ್ದಿರಬೇಕು, ನಮ್ಮ ಮನೆಯಿಂದ ಹಳಿ ಎರಡು ಮಾರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಹೊಸಬರು, ಬಾಯಾಂ (ಎಡಗೈ ತಬಲಾ) ಗುಂಗು ಚೆನ್ನ ಎಂದು ಬರೆದಿದ್ದೇನೆ. ಹದಿನೇಳು ವರ್ಷದ ಹುಡುಗಿಯ ತೀರ್ಪು, ನಂಬಬೇಕೋ ಬೇಡವೋ ನೀನೇ ನೋಡು. ಮೂರನೆಯದು ಖರ್ಚಿನ ಕಡೆ ಇದೆ: 1983ರ ಆಗಸ್ಟ್, ಬೆಳಿಗ್ಗೆ, ಕರೆಂಟಿಲ್ಲ, ಪಕ್ಕದ ಮನೆಯವರು ಬ್ಯಾಟರಿ ರೇಡಿಯೋದಲ್ಲಿ ಕೇಳಿ, ತಬಲಾ ಹಾವೇರಿ ಕಡೆಯವರಂತೆ ಎಂದು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಹೆಸರಿಲ್ಲ, ರಾಗವೂ ಇಲ್ಲ.

ಅಜ್ಜನ ಹೆಸರನ್ನು ಇಲ್ಲಿ ಎಲ್ಲರೆದುರು ಬರೆಯಬೇಡ, ಖಾಸಗಿ ಸಂದೇಶದಲ್ಲಿ ಕಳಿಸು. ಆ ಎರಡು ಅಕ್ಷರ ಕೂಡುತ್ತವೆಯೇ ನೋಡುತ್ತೇನೆ. ಇನ್ನೊಂದು ಮಾತು ಅಪ್ಪನನ್ನು ಕೇಳಿ ಹೇಳು: ಗೌಡರ ಮನೆಯಲ್ಲಿ ಕೂತಾಗ ಕಂದೀಲು ಹಚ್ಚಿದ್ದರೇ, ಅಥವಾ ಹಗಲಿನ ಬೆಳಕಿತ್ತೇ? ಅಷ್ಟು ತಿಳಿದರೆ ಎರಡರಲ್ಲಿ ಒಂದು ಉಳಿಯುತ್ತದೆ. ಅಲ್ಲಿಯವರೆಗೆ ಎರಡೂ ಕಡೆ ಪೆನ್ಸಿಲ್ಲಿನಲ್ಲಿ ಪ್ರಶ್ನೆಯ ಗುರುತು ಹಾಕಿದ್ದೇನೆ.

ಚಲನಾಟ ಅವರೇ, ಕಾರ್ಡುಗಳ ಚಿತ್ರವನ್ನು ಭಾನುವಾರ ಹಾಕುತ್ತೇನೆ. ಧೂಳು ಒರೆಸುವವರೇ, ಹಾರ್ಮೋನಿಯಂ ತಿದಿಯನ್ನು ಹೊಲಿದುಕೊಡುವವರು ಧಾರವಾಡದಲ್ಲಿ ಇದ್ದಾರೆ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಇಟ್ಟಿರಿ.